ಡಿಶ್ ಕಂಬದ ಕೆಂಪು ಗೆರೆ

ಅಜ್ಜಿಗೆ ಸೊಸೆಯ ಮೇಲೆ ಹಲ್ಲು ಕಡಿಯುವ ಹಕ್ಕು ನಿಜವಾಗಿ ಇರಲಿಲ್ಲ, ಏಕೆಂದರೆ ಅವಳ ಬಾಯಲ್ಲಿದ್ದ ಎರಡೂ ಸಾಲು ಹಲ್ಲು ಮಾಡಿಕೊಟ್ಟವಳು ಸೊಸೆಯೇ. ಸೊಸೆ ಕಟ್ಟುಹಲ್ಲು ತಯಾರಿಸುವ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ಎಂಟಕ್ಕೆ ಹೊರಟರೆ ದಿನವಿಡೀ ಮೇಣ, ಪ್ಲಾಸ್ಟರು, ಗುಲಾಬಿ ಬಣ್ಣದ ಒಸಡುಗಳ ನಡುವೆ ಕೂತು, ಆರು ಗಂಟೆಗೆ ಮನೆಗೆ ಬರುವಾಗ ಹುಬ್ಬಿನ ತುಂಬ ಬಿಳಿ ಪುಡಿ. ಅಜ್ಜಿಯ ಹಲ್ಲನ್ನು ಅವಳು ಊಟದ ಬಿಡುವಿನಲ್ಲಿ ಕೂತು ಮಾಡಿದ್ದಳು. "ಹಲ್ಲೇನೋ ಹೊಸದಾಯ್ತು, ನಾಲಿಗೆ ಮಾತ್ರ ಹಳೇದೇ ಉಳೀತು" ಎಂದು ಅಜ್ಜ ತಮಾಷೆ ಮಾಡುತ್ತಿದ್ದ.

ಸೊಸೆ ಚೀನದವಳು. ಏಳು ವರ್ಷದ ಹಿಂದೆ, ದೂರದೂರಿಗೆ ಲಾರಿ ಓಡಿಸುವ ಮಗ ಯಾವುದೋ ಬಂದರಿನಲ್ಲಿ ಹಲ್ಲುನೋವೆಂದು ಡಾಕ್ಟರ ಬಳಿ ಹೋದವನು, ಒಂದು ದವಡೆಹಲ್ಲು ಕಳೆದುಕೊಂಡು ಒಬ್ಬ ಹೆಂಡತಿಯನ್ನು ಕಟ್ಟಿಕೊಂಡು ಬಂದಿದ್ದ. ಅಜ್ಜಿ ಒಂದು ವಾರ ಮುಖ ಗಂಟು ಹಾಕಿಕೊಂಡಿದ್ದಳು. ಆಮೇಲೆ ಹುಡುಗಿ ಪಾತ್ರೆ ತೊಳೆಯುವ ಅಚ್ಚುಕಟ್ಟು ನೋಡಿ ಗಂಟು ಸಡಿಲಿಸಿದಳು. ಮನೆಮಾತನ್ನು ಕಲಿಸಿದವಳೂ ಅಜ್ಜಿಯೇ. ಹಾಗಾಗಿ ಸೊಸೆ ಈಗಲೂ ಲ್ಯಾಬಿನಲ್ಲಿ ಎದ್ದು ನಿಲ್ಲುವಾಗ "ಅಯ್ಯೋ ನನ್ನ ಸೊಂಟವೇ" ಎಂದು ಮುದುಕಿಯ ಹಾಗೆ ನರಳುತ್ತಿದ್ದಳಂತೆ, ಜೊತೆಯವರು ನಗುತ್ತಿದ್ದರಂತೆ.

ಮೊಮ್ಮಗಳಿಗೆ ನಾಲ್ಕು ವರ್ಷ. ಒಂದು ಕಡೆ ನಿಲ್ಲದ ಮಗು, ಎಲ್ಲರೂ ಅಳಿಲು ಎಂದೇ ಕರೆಯುತ್ತಿದ್ದರು. ಹುಟ್ಟಿದ ಮೂರನೇ ತಿಂಗಳಿಂದ ಅದು ಅಜ್ಜಿಯ ಸೊಂಟದ ಮೇಲೇ ಬೆಳೆದದ್ದು. ಅದರ ಮೊದಲ ಮಾತು 'ಅಜ್ಜಿ'. ಈ ಒಂದು ವಿಷಯವನ್ನು ಅಜ್ಜಿ ಬೀದಿಯಲ್ಲಿ ಯಾರಿಗೂ ಹೇಳದೆ ಬಿಟ್ಟವಳಲ್ಲ.

ಇಂಥ ಮನೆಗೆ ಒಂದು ಭಾನುವಾರ ಆರಡಿ ಅಗಲದ ಹಳೆಯ ಡಿಶ್ ಬಂತು. ತಂದವನು ಅಜ್ಜ. ನಲವತ್ತು ವರ್ಷ ಟೀವಿ ರಿಪೇರಿ ಮಾಡಿದ ಮನುಷ್ಯ. ಅಂಗಡಿ ಮುಚ್ಚಿ ಆರು ವರ್ಷವಾದರೂ ಬೀದಿಗೆಲ್ಲ ಅವನು ಟೀವಿ ಮೇಷ್ಟ್ರೇ. ಮುಚ್ಚಿಹೋದ ಹೋಟೆಲೊಂದರ ಮಾಳಿಗೆಯಲ್ಲಿ ಮಸಿ ಹಿಡಿದು ಬಿದ್ದಿದ್ದ ಡಿಶ್ಶನ್ನು ಕೈಗಾಡಿಯಲ್ಲಿ ತಳ್ಳಿಸಿಕೊಂಡು ಬಂದಿದ್ದ.

"ಇದರಲ್ಲಿ ಏನು, ಮಳೆನೀರು ಹಿಡೀತೀರಾ?" ಎಂದಳು ಅಜ್ಜಿ.

"ಚೀನೀ ಚಾನೆಲ್ ಹಿಡೀತೀನಿ. ಹುಡುಗಿ ಏಳು ವರ್ಷದಿಂದ ತನ್ನ ಭಾಷೆ ಕಿವಿಗೆ ಬೀಳದೆ ಇದ್ದಾಳೆ. ನಿನ್ನನ್ನ ಏಳು ದಿನ ಮಾತಾಡದ ಹಾಗೆ ಕೂರಿಸಿದ್ರೆ ಏನಾಗುತ್ತೆ ಯೋಚನೆ ಮಾಡು."

ಅಂದು ಇಡೀ ಮಧ್ಯಾಹ್ನ ಅಜ್ಜ ತಾರಸಿಯ ಮೇಲೆ, ಅಜ್ಜಿ ಟೀವಿಯ ಮುಂದೆ. ಮದುವೆಯಾದಾಗಿನಿಂದ ಅವರಿಬ್ಬರ ಪದ್ಧತಿ ಅದು. ಅವನು ಮೇಲೆ ಆಂಟೆನಾ ತಿರುಗಿಸುವುದು, ಅವಳು ಕೆಳಗಿನಿಂದ "ಬಂತು! ಹೋಯ್ತು! ಮತ್ತೆ ಬಂತು!" ಎಂದು ಕೂಗುವುದು. ಪರದೆ ಗಂಟೆಗಟ್ಟಲೆ ನೀಲಿಯಾಗಿಯೇ ಇತ್ತು. ಕೊನೆಗೆ ಒಮ್ಮೆಲೇ ಬಣ್ಣ ಬಂದು ಒಬ್ಬ ಹೆಂಗಸು ಮಾತಾಡತೊಡಗಿದಾಗ, ಅಜ್ಜಿ ಬಾಯಿ ತೆರೆಯುವ ಮೊದಲೇ ಸೊಸೆ ತನ್ನ ಭಾಷೆಯಲ್ಲಿ "ಲೈ ಲ!" ಎಂದು ಕಿರುಚಿದಳು. ಅಳಿಲು ಮಂಚದ ಮೇಲೆ ಕುಣಿಯುತ್ತ "ಲೈ ಲ! ಲೈ ಲ!" ಎಂದಿತು. ಬಂತು ಎನ್ನುವುದಕ್ಕೆ ಅಲ್ಲಿ ಹಾಗೆನ್ನುತ್ತಾರೆಂದು ಅಜ್ಜಿಗೆ ಯಾರೂ ಹೇಳಬೇಕಾಗಲಿಲ್ಲ. ನಲವತ್ತು ವರ್ಷದಿಂದ ಅವಳು ಕೂಗುತ್ತಿದ್ದ ಮಾತನ್ನು ಅಂದು ಬೇರೆಯವರು ಕೂಗಿದರು.

ಅಜ್ಜ ಬೋಲ್ಟು ಬಿಗಿದು, ಗೇಟಿಗೆ ಬಳಿದು ಉಳಿದಿದ್ದ ಕೆಂಪು ಬಣ್ಣದಿಂದ ಕಂಬಕ್ಕೂ ಅದರ ಮೇಲಿನ ಹಿಡಿಕೆಗೂ ಸೇರುವ ಹಾಗೆ ಒಂದು ನೇರ ಗೆರೆ ಎಳೆದ. ಪ್ರತಿ ಕೆಲಸದ ಕೊನೆಗೆ ಅವನು ಎಳೆಯುತ್ತಿದ್ದ ಗೆರೆ. ಗಾಳಿಗೆ ಡಿಶ್ ಅಲುಗಿದರೆ ಎರಡು ಅರ್ಧಗೆರೆ ಮತ್ತೆ ಕೂಡಿಸಿದರೆ ಸಾಕು. "ಇಲ್ಲಿ ಎರಡು ಬೆರಳು ತಪ್ಪಿದ್ರೆ ಮೇಲೆ ಸಾವಿರ ಮೈಲಿ ತಪ್ಪುತ್ತೆ" ಎನ್ನುವುದನ್ನು ಅಜ್ಜಿ ಲೆಕ್ಕವಿಲ್ಲದಷ್ಟು ಸಲ ಕೇಳಿದ್ದಳು.

ಜಗಳ ಶುರುವಾದದ್ದು ಏಳು ಗಂಟೆಯ ವಿಷಯಕ್ಕೆ. ಏಳಕ್ಕೆ ಅಜ್ಜಿಯ ಧಾರಾವಾಹಿ. ಏಳಕ್ಕೇ ಚೀನೀ ಚಾನೆಲ್ಲಿನಲ್ಲಿ ಹವಾಮಾನ. ಸೊಸೆಗೆ ಬೇಕಿದ್ದದ್ದು ಅದೊಂದೇ. ಊರುಗಳ ಹೆಸರು ಒಂದೊಂದಾಗಿ ಬರುವಾಗ ಅವಳು ಪಾತ್ರೆ ತೊಳೆಯುವ ಕೈಯಲ್ಲೇ ಓಡಿ ಬಂದು ನಿಲ್ಲುತ್ತಿದ್ದಳು. ಅವಳ ತಾಯಿಗೆ ಕಿವಿ ಕೇಳಿಸದು, ಫೋನು ಮಾಡಿ ಉಪಯೋಗವಿಲ್ಲ. ಕಾಗದ ಬರಲು ತಿಂಗಳು. ತನ್ನೂರಿನ ಹೆಸರಿನ ಮುಂದೆ ಬಿಸಿಲು ಕಂಡರೆ, "ಇವತ್ತು ಅಮ್ಮ ಹೊರಗೆ ಕೂತಿರ್ತಾಳೆ" ಎನ್ನುತ್ತಿದ್ದಳು. ಮೋಡ ಕಂಡರೆ, "ಮೊಣಕಾಲು ನೋಯ್ತಿರುತ್ತೆ." ಅಳಿಲಿಗೆ ಅದೊಂದು ಆಟವಾಗಿತ್ತು. ತಾಯಿಯ ತಾಯಿಗೆ ಅವರು ಲಾವ್ಲಾವ್ ಎನ್ನುತ್ತಿದ್ದರು. "ಲಾವ್ಲಾವ್ ಬಿಸಿಲು! ಲಾವ್ಲಾವ್ ಬಿಸಿಲು!" ಎಂದು ಮಗು ಮನೆಯೆಲ್ಲ ಓಡುತ್ತಿತ್ತು.

"ಐದು ನಿಮಿಷ ಅತ್ತೆ, ಆಮೇಲೆ ನಿಮ್ಮದೇ ಹಾಕ್ತೀನಿ."

"ಐದು ನಿಮಿಷದಲ್ಲಿ ಅಲ್ಲಿ ಇಬ್ಬರು ಮನೆ ಬಿಟ್ಟು ಹೋಗಿರ್ತಾರೆ. ಆಮೇಲೆ ಯಾರು ಯಾಕೆ ಅಳ್ತಿದ್ದಾರೆ ಅಂತ ನಂಗೆ ಯಾರು ಹೇಳ್ತಾರೆ?"

ಧಾರಾವಾಹಿ ನೆಪ ಮಾತ್ರ. ನೋವು ಬೇರೆಯೇ ಇತ್ತು. ತಾಯಿ ಮಲಗಿಸುವಾಗ ಆಡುತ್ತಿದ್ದ ನಾಲ್ಕು ಮಾತಷ್ಟೇ ಗೊತ್ತಿದ್ದ ಅಳಿಲು, ಬರೀ ಮೂರು ವಾರದಲ್ಲಿ ಆ ಟೀವಿಯ ಮುಂದೆ ಕೂತು, ಅಜ್ಜಿಗೆ ತಲೆಬುಡ ತಿಳಿಯದ ಮಾತಿಗೆಲ್ಲ ನಗತೊಡಗಿತ್ತು. ಮಧ್ಯಾಹ್ನ ಕಥೆ ಹೇಳುತ್ತೇನೆ ಬಾ ಎಂದರೆ, "ತಾಳು ಅಜ್ಜಿ, ಟೀವಿಯಲ್ಲಿ ಮೊಲ ಬರುತ್ತೆ ಈಗ" ಎಂದು ಕೈ ಬಿಡಿಸಿಕೊಂಡು ಹೋಗುತ್ತಿತ್ತು. ತನ್ನ ಮಗು ತನ್ನ ಕಣ್ಣೆದುರೇ ತನಗೆ ಬಾಗಿಲಿಲ್ಲದ ಕೋಣೆಯೊಳಗೆ ಹೋಗುತ್ತಿದೆ ಎಂದು ಅಜ್ಜಿಗೆ ಅನ್ನಿಸಿಬಿಟ್ಟಿತ್ತು, ಆ ಅನಿಸಿಕೆ ಅವಳ ಅನ್ನ ನಿದ್ದೆ ಎರಡನ್ನೂ ಕೆಡಿಸಿತ್ತು.

ಒಂದು ರಾತ್ರಿ ಊಟಕ್ಕೆ ಕೂತಾಗ ಅಳಿಲು ಅಜ್ಜಿಯ ಕಡೆ ಬೆರಳು ತೋರಿಸಿ ತಾಯಿಯ ಭಾಷೆಯಲ್ಲಿ ಉದ್ದಕ್ಕೆ ಏನೋ ಹೇಳಿತು. ಸೊಸೆ ಕಿಸಕ್ಕನೆ ನಕ್ಕು ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಏನಂತೆ?" ಅಜ್ಜಿ ಕೇಳಿದಳು.

"ಏನಿಲ್ಲ ಅತ್ತೆ, ಸುಮ್ನೆ."

"ಸುಮ್ನೆ ಅನ್ನೋದಕ್ಕೆ ಇಷ್ಟು ಉದ್ದ ಮಾತಾ?"

"ಮಕ್ಕಳ ಮಾತು ಬಿಡೇ, ಆಲೂಗಡ್ಡೆ ಆರಿಹೋಗುತ್ತೆ" ಎಂದ ಅಜ್ಜ.

ಮರುದಿನ ಬೆಳಿಗ್ಗೆ ಸೊಸೆ ಕೆಲಸಕ್ಕೆ, ಅಜ್ಜ ಮಗುವನ್ನು ಕರೆದುಕೊಂಡು ತರಕಾರಿಗೆ ಹೋದ ಮೇಲೆ, ಅಜ್ಜಿ ಒಗೆದ ಬಟ್ಟೆಯ ಬುಟ್ಟಿಯಲ್ಲಿ ಹದಿನೇಳನೇ ನಂಬರಿನ ಸ್ಪ್ಯಾನರನ್ನೂ ಇಟ್ಟುಕೊಂಡು ತಾರಸಿ ಹತ್ತಿದಳು. ಬೋಲ್ಟು ಸಡಿಲಿಸಿ ಡಿಶ್ಶನ್ನು ಎರಡೇ ಬೆರಳು ತಿರುಗಿಸಿದಳು. ಕಂಬದ ಮೇಲಿದ್ದ ಅರ್ಧಗೆರೆಯನ್ನು ಮರಳು ಕಾಗದದಿಂದ ಉಜ್ಜಿ ಅಳಿಸಿ, ಅದೇ ಕೆಂಪು ಬಣ್ಣದಿಂದ ಎರಡು ಬೆರಳು ಆಚೆಗೆ ಹೊಸ ಗೆರೆ ಎಳೆದಳು. ಮೇಲಿನದಕ್ಕೂ ಕೆಳಗಿನದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಮೆಕ್ಯಾನಿಕ್ ಹೆಂಡತಿ ಅಲ್ಲವೇ. ಆಮೇಲೆ ಬಟ್ಟೆ ಒಣಹಾಕಿ ಇಳಿದು ಬಂದಳು. ಒಂದು ವಾರ ಸಾಕು ಎಂದುಕೊಂಡಿದ್ದಳು, ಮಗು ಮತ್ತೆ ತನ್ನ ಕಡೆ ತಿರುಗುವಷ್ಟು ದಿನ ಮಾತ್ರ.

ಸಂಜೆ ಪರದೆ ನೀಲಿ.

"ಗೆರೆ ಇದ್ದ ಹಾಗೇ ಇದೆ" ಎಂದು ಅಜ್ಜ ಮೇಲಿನಿಂದ ಕೂಗಿದ. "ದಿಕ್ಕು ತಪ್ಪಿಲ್ಲ. ಕೇಬಲ್ ಇರಬೇಕು."

ಮೂರು ದಿನ ಕೇಬಲ್ ಆಯಿತು. ಆಮೇಲೆ ಡಿಶ್ಶಿನ ಮುಂದೆ ಮೂಗಿನ ಹಾಗೆ ಚಾಚಿದ್ದ ಭಾಗ ಬಿಚ್ಚಿದ. ಆಮೇಲೆ ಟೀವಿಯ ಪಕ್ಕದ ರಿಸೀವರ್ ಪೆಟ್ಟಿಗೆ ಬಿಚ್ಚಿ ಊಟದ ಮೇಜಿನ ಮೇಲೆ ಹರಡಿಕೊಂಡ. ಮನೆಯವರೆಲ್ಲ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡರು.

"ಮಾವ, ಡಿಶ್ ಸ್ವಲ್ಪ ಆಕಡೆ ಈಕಡೆ ತಿರುಗಿಸಿ ನೋಡಿದ್ರೆ?" ಎಂದಳು ಸೊಸೆ ಒಂದು ದಿನ, ಮೆಲ್ಲಗೆ.

"ಯಾಕೆ ತಿರುಗಿಸ್ಬೇಕು? ನಾನು ಎಳೆದ ಗೆರೆ ಸುಳ್ಳು ಹೇಳಲ್ಲಮ್ಮ. ಇಷ್ಟು ವರ್ಷದಲ್ಲಿ ಗೆರೆ ಕೂಡಿರೋ ಕಂಬಾನ ನಾನು ಯಾವತ್ತೂ ಮುಟ್ಟಿಲ್ಲ."

ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಅಜ್ಜಿ ತಲೆಯೆತ್ತಲಿಲ್ಲ.

ಒಂದು ವಾರ ಕಳೆಯಿತು. ಮಗು ಅಜ್ಜಿಯ ಕಡೆ ತಿರುಗಲಿಲ್ಲ. ಏಳು ಗಂಟೆಗೆ ಸರಿಯಾಗಿ ಅದು ನೀಲಿ ಪರದೆಯ ಮುಂದೆ ಕೂತು, "ಲಾವ್ಲಾವ್ ಎಲ್ಲಿ?" ಎಂದು ಕೇಳುತ್ತಿತ್ತು. ಸೊಸೆ ಮಗುವನ್ನು ಎತ್ತಿಕೊಂಡು ಕೋಣೆಗೆ ಹೋಗಿ ತನ್ನ ಭಾಷೆಯಲ್ಲಿ ತಾನೇ ಏನೇನೋ ಹೇಳುತ್ತಿದ್ದಳು. ಮೊದಲು ಟೀವಿಯ ಮುಂದೆಯಾದರೂ ನಾಲ್ಕು ಜನ ಒಂದು ಕಡೆ ಕೂರುತ್ತಿದ್ದರು. ಈಗ ಧಾರಾವಾಹಿ ನೋಡಲು ಅಜ್ಜಿ ಒಬ್ಬಳೇ ಉಳಿದಳು. ಅಲ್ಲಿ ಯಾರು ಅತ್ತರೂ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ.

ಬಟ್ಟೆ ಮಡಿಸುವಾಗ ಅವಳು ಸೊಸೆಯನ್ನು ಕೇಳಿಯೇಬಿಟ್ಟಳು. "ಅವತ್ತು ಊಟಕ್ಕೆ ಕೂತಾಗ ಅಳಿಲು ನನ್ನ ತೋರಿಸಿ ಏನಂದಿದ್ದು?"

ಸೊಸೆ ನೆನಪಿಸಿಕೊಂಡು ನಾಚಿದಳು. "ಟೀವಿಯಲ್ಲಿ ಬರೋ ಅಜ್ಜಿಗಿಂತ ನಮ್ಮಜ್ಜಿ ಹಲ್ಲೇ ಚೆಂದ ಅಂದ್ಲು. ನಾನು ಮಾಡಿದ್ದಲ್ವಾ ಅತ್ತೆ, ನನ್ನ ನಾನೇ ಹೊಗಳಿಕೊಂಡ ಹಾಗಾಗುತ್ತೆ ಅಂತ ಹೇಳ್ಲಿಲ್ಲ." ಆಮೇಲೆ, "ಕೆಳಗಿನ ಸಾಲು ಎಡಕ್ಕೆ ಚುಚ್ಚುತ್ತೆ ಅಂತಿದ್ರಲ್ಲ, ಒಂದಿನ ಕೊಡಿ, ಲ್ಯಾಬಿನಲ್ಲಿ ಉಜ್ಜಿ ತರ್ತೀನಿ" ಎಂದಳು.

ಅಜ್ಜಿ ಒಂದೇ ಟವೆಲನ್ನು ಮೂರು ಸಲ ಮಡಿಸಿದಳು.

ಅಂದೇ ಹೇಳಿಬಿಡಬಹುದಿತ್ತು. ಆದರೆ ಅಷ್ಟರಲ್ಲಿ ಅಜ್ಜ ಹನ್ನೆರಡು ಸಲ ತಾರಸಿ ಹತ್ತಿದ್ದ. ಇನ್ನು ಹೇಳಿದರೆ ಹನ್ನೆರಡು ಸಲಕ್ಕೂ ಉತ್ತರ ಕೊಡಬೇಕು. ನಾಳೆ ಹೇಳೋಣ ಎಂದುಕೊಂಡಳು. ನಾಳೆಗೆ ಅದು ಹದಿಮೂರಾಯಿತು.

ಎರಡನೇ ವಾರದ ಕೊನೆಗೆ ಮಗ ಲಾರಿ ನಿಲ್ಲಿಸಿ ಒಂದು ದಿನಕ್ಕೆ ಮನೆಗೆ ಬಂದ. ಮೊಟ್ಟೆ ಬಿಡಿಸುತ್ತ, "ಅಪ್ಪ, ಬೇರೆ ಯಾರನ್ನಾದ್ರೂ ಕರೆಸೋಣ. ನಿಮಗೂ ವಯಸ್ಸಾಯ್ತು" ಎಂದ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು.

ಅಜ್ಜ ಬಾಯಿಗೆ ಎತ್ತಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. "ಹೌದು, ವಯಸ್ಸಾಯ್ತು. ನಿನ್ನೆ ಪಕ್ಕದ ಮನೆಯವರ ರೇಡಿಯೋ ಬೆಸುಗೆ ಹಾಕೋವಾಗ ಕೈ ನಡುಗಿತು. ವಾಪಸ್ ಕೊಟ್ಟು ಕಳಿಸಿದೆ."

"ನಿಮ್ಮ ಕೈಗೇನೂ ಆಗಿಲ್ಲ!" ಅಜ್ಜಿ ಎಷ್ಟು ಜೋರಾಗಿ ಹೇಳಿದಳೆಂದರೆ ಎಲ್ಲರೂ ಅವಳ ಕಡೆ ನೋಡಿದರು.

"ನಿಂಗೇನೇ ಗೊತ್ತು" ಎಂದ ಅಜ್ಜ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಮಗ, "ನನ್ನ ಮಧ್ಯಕ್ಕೆ ಎಳೀಬೇಡಿ" ಎಂದು ಕೈ ತೊಳೆಯಲು ಎದ್ದ. ಅವನನ್ನು ಯಾರೂ ಎಳೆದಿರಲಿಲ್ಲ.

ಆಮೇಲೆ ಅಜ್ಜ ತಾರಸಿ ಹತ್ತುವುದನ್ನೇ ಬಿಟ್ಟ. ಬೆಳಿಗ್ಗೆ ಎದ್ದರೆ ಜಗಲಿಯಲ್ಲಿ ಅಂಗೈ ನೋಡಿಕೊಂಡು ಕೂರುವನು. ಅಳಿಲು ಬಂದು ಆಟಿಕೆ ಮುರಿಯಿತು ಸರಿಮಾಡಿಕೊಡು ಎಂದರೂ, "ನಿಮ್ಮಮ್ಮ ಬರಲಿ ಕಂದ" ಎನ್ನುವನು. ಬಡಿಸಿದ್ದರಲ್ಲಿ ಅರ್ಧ ಬಿಡುವನು. ಅಜ್ಜಿ ಅವನಿಗೆ ಇಷ್ಟವೆಂದು ಮೀನು ಹುರಿದಳು, ಬೆಣ್ಣೆ ಹೆಚ್ಚು ಹಾಕಿದಳು, ಸುಮ್ಮಸುಮ್ಮನೆ ಜಗಳ ತೆಗೆದಳು. ಅವನು ಒಂದಕ್ಕೂ ತಿರುಗಿ ಮಾತಾಡಲಿಲ್ಲ. ಅದು ಅವಳಿಗೆ ಹೆದರಿಕೆ ಹುಟ್ಟಿಸಿತು.

ಡಿಶ್ ಕೆಟ್ಟ ಇಪ್ಪತ್ತೆರಡನೇ ದಿನ ಅವನು ಉಪಕರಣಗಳ ಚೀಲವನ್ನು ಒರೆಸಿ, ಬಾಯಿ ಕಟ್ಟಿ ಬಾಗಿಲ ಬಳಿ ಇಟ್ಟ.

"ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬರ್ತೀನಿ. ಬಂದ ಮೇಲೆ ಇದನ್ನ ಮೂಲೆ ಅಂಗಡಿಯವನಿಗೆ ಕೊಟ್ಟುಬಿಡ್ತೀನಿ. ಅವನಿಗಾದ್ರೂ ಉಪಯೋಗಕ್ಕೆ ಬರಲಿ."

ಮೂಲೆ ಅಂಗಡಿಯವನು ಇಪ್ಪತ್ತು ವರ್ಷದಿಂದ ಅಜ್ಜನ ಎದುರಾಳಿ. ಅವನ ಕೈಗೆ ಆ ಚೀಲ ಹೋಗುವುದನ್ನು ಅಜ್ಜಿ ನೋಡಲಾರಳು. ಅಜ್ಜ ಬೀದಿ ತಿರುಗಿದ್ದೇ ತಡ, ಚೀಲ ಬಿಚ್ಚಿ ಸ್ಪ್ಯಾನರ್ ತೆಗೆದುಕೊಂಡು, ಅಳಿಲನ್ನು ಟೀವಿಯ ಮುಂದೆ ಕೂರಿಸಿದಳು.

"ಬಣ್ಣ ಬಂದ್ರೆ ಕೂಗು ಕಂದ, ಜೋರಾಗಿ. ಅಲ್ಲಿಂದ ಏಳಬೇಡ."

ಕೆಡಿಸುವುದಕ್ಕೆ ಎರಡು ನಿಮಿಷ ಹಿಡಿದಿತ್ತು. ಸರಿಮಾಡುವುದು ಅವಳಿಗೆ ಗೊತ್ತಿರಲಿಲ್ಲ. ಎರಡು ಬೆರಳು ಹಿಂದಕ್ಕೆ ತಿರುಗಿಸಿದರೆ ಆಯಿತೆಂದುಕೊಂಡಿದ್ದಳು, ಆದರೆ ಹಳೆಯ ಗೆರೆಯನ್ನು ಅವಳೇ ಸರಿಯಾಗಿ ಎಲ್ಲಿತ್ತೆಂದು ತಿಳಿಯದಷ್ಟು ಅಗಲಕ್ಕೆ ಉಜ್ಜಿ ಅಳಿಸಿದ್ದಳು.

"ಬಂತಾ?"

"ನೀಲಿ!"

ಇನ್ನೊಂದು ಕೂದಲೆಳೆ. "ಈಗ?"

"ನೀಲಿ, ಅಜ್ಜಿ!"

ಬಿಸಿಲು ನೆತ್ತಿಗೇರಿತು. ಡಿಶ್ಶಿನ ಅಂಚು ಅಂಗೈಯನ್ನು ಕೊಯ್ದಿತು. ಬಾಯಲ್ಲಿ ಹಲ್ಲಿನ ಕೆಳಗಿನ ಸಾಲು ಎಡಕ್ಕೆ ಚುಚ್ಚುತ್ತಿತ್ತು. ಇಷ್ಟು ವರ್ಷ ಕೆಳಗೆ ನೆರಳಲ್ಲಿ ಕೂತು, ಹೋಯ್ತು ಹೋಯ್ತು ಎಂದು ಗದರುತ್ತಿದ್ದಾಗ ಮೇಲೆ ಆ ಮನುಷ್ಯ ಏನು ಪಡುತ್ತಿದ್ದ ಎಂದು ಅವಳು ಮೊದಲ ಸಲ ಯೋಚಿಸಿದಳು. ಕಣ್ಣಲ್ಲಿ ನೀರು ಬಂತು, ಆದರೂ ಕೈ ಬಿಡಲಿಲ್ಲ.

"ಈಗ?"

ಕೆಳಗೆ ಸದ್ದೇ ಇಲ್ಲ. ಮಗು ಎದ್ದು ಹೋಯಿತೇನೋ ಎಂದುಕೊಳ್ಳುವಷ್ಟರಲ್ಲಿ ಬಾಗಿಲಿನಿಂದ ಕೂಗು ಕೇಳಿಸಿತು. "ಲೈ ಲ! ಅಜ್ಜಿ, ಲೈ ಲ!"

ಅಜ್ಜಿ ಉಸಿರು ಬಿಟ್ಟು ತಿರುಗಿದಳು. ಮೆಟ್ಟಿಲ ತುದಿಯಲ್ಲಿ ಅಜ್ಜ ನಿಂತಿದ್ದ.

ಅವನು ಅವಳನ್ನು ನೋಡಲಿಲ್ಲ. ಸ್ಪ್ಯಾನರ್ ನೋಡಿದ, ಕಂಬ ನೋಡಿದ. ಬಗ್ಗಿ ಕೆಂಪು ಗೆರೆಯ ಮೇಲೆ ಬೆರಳಾಡಿಸಿದ, ಅದರ ಪಕ್ಕದಲ್ಲಿ ಉಜ್ಜಿ ನುಣುಪಾಗಿದ್ದ ಜಾಗದ ಮೇಲೂ ಆಡಿಸಿದ.

"ಈ ಗೆರೆ ಯಾರು ಎಳೆದದ್ದು?"

"ನಾನು."

ಅವನು ತಾರಸಿಯ ಕಟ್ಟೆಯ ಮೇಲೆ ಕೂತ. "ಕಣ್ಣು ಸರಿಯಾಗಿದೆ ಅಂದ್ರು ಡಾಕ್ಟರು. ಕೈಯನ್ನೂ ನೋಡಿದ್ರು. ಕೈಯೂ ಸರಿಯಿದೆ ಅಂದ್ರು. ಹಾಗಾದ್ರೆ ನನ್ನ ತಲೆಯೇ ಕೆಟ್ಟಿರಬೇಕು ಅಂತ ದಾರಿಯುದ್ದಕ್ಕೂ ಅಳ್ತಾ ಬಂದೆ ಕಣೇ."

"ಮಗು ನನ್ನ ಕೈತಪ್ಪಿ ಹೋಗ್ತಿದೆ ಅಂತ..." ಎಂದಳು ಅಜ್ಜಿ.

"ನಾನು ಹೋಗ್ತಿದ್ದದ್ದು ಕಾಣಿಸ್ಲಿಲ್ವಾ?"

ಅವಳು ಸ್ಪ್ಯಾನರನ್ನು ಅವನ ಕಡೆ ಚಾಚಿದಳು. ಅವನು ಎದ್ದು ಸ್ಪ್ಯಾನರ್ ತೆಗೆದುಕೊಂಡು ಬೋಲ್ಟು ಬಿಗಿದ. ಕೈ ನಡುಗಲಿಲ್ಲ. ಗೆರೆ ಎಳೆಯಲು ಬಣ್ಣ ತರಲೇ ಎಂದಳು. ಬೇಡ ಎಂದ.

ಸಂಜೆ ಸೊಸೆ ಬಾಗಿಲಲ್ಲೇ ತನ್ನ ಭಾಷೆಯ ಸದ್ದು ಕೇಳಿ ಚೀಲ ಬಿಸಾಡಿ ಓಡಿ ಬಂದಳು. "ಮಾವ! ಸರಿ ಮಾಡಿದ್ರಾ!"

"ನಾನಲ್ಲ. ನಿಮ್ಮತ್ತೆ."

ಸೊಸೆ ಅಜ್ಜಿಯ ಎರಡೂ ಕೈ ಹಿಡಿದುಕೊಂಡಳು. ಅಂಗೈಯ ಗಾಯ ನೋಡಿ "ಅಯ್ಯೋ" ಎಂದಳು. ಅಷ್ಟರಲ್ಲಿ ಏಳು ಗಂಟೆಯಾಗಿ ಊರುಗಳ ಹೆಸರು ಶುರುವಾಯಿತು. ತನ್ನೂರಿನ ಸರದಿ ಬಂದಾಗ ಸೊಸೆ ನಗುತ್ತಿದ್ದವಳು ನಿಲ್ಲಿಸಿದಳು. ಪರದೆಯ ಮೇಲೆ ಮೊಣಕಾಲುದ್ದ ನೀರಿನ ಬೀದಿ, ತಲೆಯ ಮೇಲೆ ಗಂಟು ಹೊತ್ತು ನಡೆಯುವ ಜನ.

"ಹದಿನೆಂಟು ದಿನದಿಂದ ಮಳೆಯಂತೆ" ಎಂದಳು. "ನಮ್ಮನೆ ತಗ್ಗಿನಲ್ಲಿದೆ ಅತ್ತೆ. ಹದಿನೆಂಟು ದಿನ. ನಂಗೆ ಗೊತ್ತೇ ಆಗ್ಲಿಲ್ಲ."

ಅಜ್ಜ ಅಜ್ಜಿಯ ಕಡೆ ನೋಡಿದ. ಅವನು ಹೇಳುವುದಿಲ್ಲ, ಎಂದೂ ಹೇಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಸುಮ್ಮನಿದ್ದುಬಿಟ್ಟರೆ ಈ ಹುಡುಗಿ ಬದುಕಿರುವ ತನಕ ತನ್ನ ಗಾಯದ ಅಂಗೈ ನೆನೆಯುತ್ತಾಳೆ ಎಂದೂ ಗೊತ್ತಿತ್ತು.

"ಕೆಡಿಸಿದ್ದೂ ನಾನೇ" ಎಂದಳು ಅಜ್ಜಿ. "ಬೇಕಂತಲೇ ಕೆಡಿಸಿದೆ. ಮಗು ನಿನ್ನ ಕಡೆ ಆಗಿಬಿಡುತ್ತೆ ಅಂತ."

ಸೊಸೆ ಹಿಡಿದಿದ್ದ ಕೈಗಳನ್ನು ಬಿಟ್ಟಳು. ಮಗುವನ್ನು ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಡಿಸಿಟ್ಟ ತಟ್ಟೆಗಳು ಹಾಗೇ ತಣ್ಣಗಾದವು.

ಬೆಳಿಗ್ಗೆ ಅಜ್ಜಿ ಎದ್ದು ನೋಡಿದರೆ, ನೀರಿನ ಬಟ್ಟಲಲ್ಲಿ ನೆನೆಸಿಟ್ಟಿದ್ದ ಹಲ್ಲು ಇಲ್ಲ. ಬಟ್ಟಲು ಖಾಲಿ. ಸೊಸೆ ಆಗಲೇ ಕೆಲಸಕ್ಕೆ ಹೋಗಿದ್ದಳು.

"ಕೊಟ್ಟಿದ್ದನ್ನ ವಾಪಸ್ ತಗೊಂಡ್ಲು ನೋಡ್ರೀ" ಎಂದಳು ಅಜ್ಜಿ ಬೊಚ್ಚುಬಾಯಲ್ಲಿ. "ತಗೊಳ್ಳಲಿ. ಸರಿಯಾಗೇ ಮಾಡಿದ್ಲು."

ಆ ಮಾತು ಅರ್ಧ ಗಾಳಿಯಾಗಿಯೇ ಹೊರಬಂತು. ಅಜ್ಜ ಬಾಯಿ ಮುಚ್ಚಿಕೊಂಡ, ತಡೆಯಲಾಗದೆ ಫಕ್ಕನೆ ನಕ್ಕ. ಮೂರು ವಾರದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಅಜ್ಜಿ ದಿನವಿಡೀ ಗಂಜಿ ಕುಡಿದು, ಬೀದಿಗೆ ಮುಖ ತೋರಿಸದೆ ಒಳಗೇ ಕೂತಿದ್ದಳು.

ಆರು ಗಂಟೆಗೆ ಸೊಸೆ ಬಂದು, ಹುಬ್ಬಿನ ಪುಡಿಯನ್ನೂ ಒರೆಸಿಕೊಳ್ಳದೆ, ಕಾಗದದಲ್ಲಿ ಸುತ್ತಿದ್ದನ್ನು ಅಜ್ಜಿಯ ಮುಂದಿಟ್ಟಳು.

"ಎಡಗಡೆ ಉಜ್ಜಿದ್ದೀನಿ. ಹಾಕ್ಕೊಂಡು ನೋಡಿ."

ಅಜ್ಜಿ ಹಾಕಿಕೊಂಡಳು. ಎಲ್ಲಿಯೂ ಚುಚ್ಚಲಿಲ್ಲ. "ನೋಡು, ನಾನು..." ಎಂದು ಶುರುಮಾಡಿದಳು.

"ಮಾತು ಬೇಡ ಅತ್ತೆ. ಇವತ್ತು ಬೇಡ."

ಏಳಕ್ಕೆ ಹತ್ತು ನಿಮಿಷವಿತ್ತು. ಸೊಸೆ ಟೀವಿ ಹಾಕಿ ನಿಂತಳು. ಅಜ್ಜಿ ಅಡುಗೆಮನೆಗೆ ಹೋಗಬೇಕೆಂದು ಎದ್ದಳು, ಆದರೆ ಅಳಿಲು ಸೆರಗು ಹಿಡಿದು ಜಗ್ಗಿ ಕೂರಿಸಿ, ತೊಡೆ ಏರಿ ಕೂತಿತು. ಊರುಗಳು ಒಂದೊಂದಾಗಿ ಬಂದವು. ಅಜ್ಜಿಗೆ ಒಂದು ಅಕ್ಷರವೂ ತಿಳಿಯದು. ಮಗು ಅವಳ ಬೆರಳು ಹಿಡಿದು ಪರದೆಯ ಕಡೆ ಚಾಚಿತು. "ಅದು ಲಾವ್ಲಾವ್ ಊರು, ಅಜ್ಜಿ."

ಆ ಹೆಸರಿನ ಮುಂದೆ ಓರೆಯಾಗಿ ಮೂರು ಗೀಟುಗಳಿದ್ದವು.

"ಇವತ್ತೂ ಮಳೆನಾ?" ಅಜ್ಜಿ ಕೇಳಿದಳು.

ಸೊಸೆ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಉತ್ತರ ಬರುವುದಿಲ್ಲವೆಂದು ಅಜ್ಜಿ ತಲೆ ತಗ್ಗಿಸಿದ ಮೇಲೆ, ಆ ಕಡೆಯಿಂದ ದನಿ ಬಂತು.

"ಇವತ್ತೂ, ಅತ್ತೆ."